‘ಒಂದು ಬಗೆಯ ತಿಂಡಿ’: ಸೂಪಶಾಸ್ತ್ರ, ಕೊಡಗಿನ ಬಾಣಲೆ ಮತ್ತು ಅರ್ಥಕೋಶಗಳ ಸೋಮಾರಿತನ

ಕನ್ನಡದ ಪ್ರಾಚೀನ ಕೃತಿಯೊಂದರ ಸಂಪಾದಿತ ಆವೃತ್ತಿಯನ್ನು ತೆರೆದು, ಕೊನೆಯ ಪುಟಗಳ ಅರ್ಥಕೋಶದ ಮೇಲೆ ಕಣ್ಣಾಡಿಸಿದವರಿಗೆ ಒಂದು ನುಡಿಗಟ್ಟು ಮತ್ತೆ ಮತ್ತೆ ಎದುರಾಗುತ್ತದೆ: ‘ಒಂದು ಬಗೆಯ ತಿಂಡಿ’. ‘ಒಂದು ಬಗೆಯ ಭಕ್ಷ್ಯ’, ‘ಕರಿದ ತಿಂಡಿಯ ಒಂದು ವಿಧ’ ಎಂಬಿವು ಅದರ ಒಡಹುಟ್ಟುಗಳು. ಅದೇ ಆವೃತ್ತಿಯಲ್ಲಿ ಪದ್ಯವೊಂದರ ಮಾತ್ರೆ ಹೆಚ್ಚುಕಡಿಮೆಯಾದರೆ ಅಡಿಟಿಪ್ಪಣಿ ಅರ್ಧ ಪುಟವನ್ನು ನುಂಗುತ್ತದೆ. ಆಭರಣದ ಹೆಸರು ಬಂದರೆ ಶಿಲ್ಪಗಳ ಸಾಕ್ಷ್ಯ ಬರುತ್ತದೆ, ಆಯುಧದ ಹೆಸರು ಬಂದರೆ ವೀರಗಲ್ಲುಗಳ ಸಾಕ್ಷ್ಯ ಬರುತ್ತದೆ. ತಿನ್ನುವ ವಸ್ತುವಿನ ಹೆಸರು ಬಂದಾಗ ಮಾತ್ರ ವಿದ್ವತ್ತು ಮೂರು ಪದಗಳಲ್ಲಿ ಮುಗಿದುಹೋಗುತ್ತದೆ. ಸಂಶೋಧನ ಪ್ರಬಂಧಗಳು ಆ ಮೂರು ಪದಗಳನ್ನು ನಕಲು ಮಾಡಿಕೊಳ್ಳುತ್ತವೆ. ಮುಂದಿನ ಪ್ರಬಂಧಗಳು ಆ ನಕಲನ್ನು ಆಧಾರವೆಂದು ಉಲ್ಲೇಖಿಸುತ್ತವೆ. ಹೀಗೆ ‘ಗೊತ್ತಿಲ್ಲ’ ಎಂಬ ಮಾತು ‘ಅರ್ಥ’ ಎಂಬ ಅಂಕಣದಲ್ಲಿ ಗೌರವದಿಂದ ಕುಳಿತುಬಿಡುತ್ತದೆ.

ಈ ಸೋಮಾರಿತನದಿಂದ ಹೆಚ್ಚು ನಷ್ಟವಾಗಿರುವುದು ಮೂರನೆಯ ಮಂಗರಸನ ‘ಸೂಪಶಾಸ್ತ್ರ’ಕ್ಕೆ. 16ನೆಯ ಶತಮಾನದ ಆರಂಭದಲ್ಲಿ ಬದುಕಿದ್ದ ಈ ಜೈನ ಕವಿ ‘ಸಮ್ಯಕ್ತ್ವಕೌಮುದಿ’, ‘ಜಯನೃಪಕಾವ್ಯ’, ‘ನೇಮಿಜಿನೇಶಸಂಗತಿ’ಗಳ ಕರ್ತೃವೆಂದು ಸಾಹಿತ್ಯಚರಿತ್ರೆಗಳಲ್ಲಿ ಸ್ಥಾನ ಪಡೆದಿದ್ದಾನೆ. ಅಡುಗೆಯ ಕುರಿತು ಆತ ವಾರ್ಧಕ ಷಟ್ಪದಿಯಲ್ಲಿ ಬರೆದ ಕೃತಿಗೆ ಮಾತ್ರ ‘ಕುತೂಹಲಕರವಾದ ಶಾಸ್ತ್ರಗ್ರಂಥ’ ಎಂಬ ಒಂದು ಸಾಲು ಸಲ್ಲುತ್ತದೆ. ಹಿಟ್ಟಿನ ಅಡುಗೆಯಾದ ಪಿಷ್ಟಪಾಕದಿಂದ ತೊಡಗಿ ಬದನೆ, ಹಲಸು, ಬಾಳೆಗಳ ವಿವಿಧ ಪಾಕಗಳವರೆಗೆ ಅದು ಸಾಗುತ್ತದೆ. ಮಾಂಸಕ್ಕೆ ಅಲ್ಲಿ ಎಡೆಯಿಲ್ಲ. ಬದನೆಯನ್ನು ಬಹುಬೀಜವೆಂದು ವರ್ಜಿಸುವ ಕಟ್ಟುನಿಟ್ಟಿನ ಶ್ರಾವಕರು ಇಂದಿಗೂ ಇದ್ದಾರೆ. ಮಂಗರಸ ಅದೇ ಬದನೆಗೆ ಉದಾರವಾಗಿ ಪದ್ಯಗಳನ್ನು ಕೊಟ್ಟಿದ್ದಾನೆ. ಕೃತಿಯನ್ನು ಬರಿಯ ಮತಾಚಾರದ ಕೈಪಿಡಿಯೆಂದು ಬದಿಗೆ ಸರಿಸುವವರು ಈ ಒಂದು ಸಂಗತಿಯನ್ನಾದರೂ ಗಮನಿಸಬೇಕಿತ್ತು.

ಮಂಗರಸನನ್ನು ಓದಲು ಕೊಡಗಿಗೆ ಹೋಗಬೇಕೇಕೆ? ಆತ ಪಿರಿಯಾಪಟ್ಟಣ–ಹುಣಸೂರು ಸೀಮೆಯ ಕಲ್ಲಹಳ್ಳಿಯ ವಿಜಯಭೂಪಾಲನ ಮಗ. ಚೆಂಗಾಳ್ವ ಅರಸರ ಸಚಿವರ ಕುಲದವನು. ಆ ಚೆಂಗಾಳ್ವರ ನಂಜರಾಯಪಟ್ಟಣ ಇರುವುದು ಇಂದಿನ ಕೊಡಗಿನಲ್ಲಿ, ಕುಶಾಲನಗರಕ್ಕೆ ಸಮೀಪ, ಕಾವೇರಿಯ ಮಗ್ಗುಲಲ್ಲಿ. ಶ್ರವಣಬೆಳಗೊಳದ ಶಾಸನವೊಂದು ಆ ಪಟ್ಟಣದ ಶ್ರಾವಕರನ್ನು ನೆನೆಯುತ್ತದೆ. ಇನ್ನೂ ಹಿಂದೆ ಹೋದರೆ, ಉತ್ತರ ಕೊಡಗಿನ ಮುಳ್ಳೂರಿನಲ್ಲಿ ಕೊಂಗಾಳ್ವರ ಬಸದಿಗಳಿವೆ. ರಾಜೇಂದ್ರ ಕೊಂಗಾಳ್ವ ಮತ್ತು ಆತನ ತಾಯಿ ಪೋಚಬ್ಬರಸಿಯರ ಕಾಲದ 1058ರ ಶಾಸನ ಅಲ್ಲಿಯದು. ಮಂಗರಸ ಕೊಡಗಿನ ಅಡುಗೆಯನ್ನೇ ಬರೆದನೆಂಬುದು ಇಲ್ಲಿಯ ವಾದವಲ್ಲ. ಆತನ ಕಲ್ಲಹಳ್ಳಿಯ ಒಲೆಗೂ ಕಾವೇರಿಯ ಆಚೆಯ ಒಲೆಗಳಿಗೂ ನಡುವೆ ಗೋಡೆಯಿರಲಿಲ್ಲ ಎಂಬಷ್ಟು ಸಾಕು. ಬಯಲಿನ ಕಾಳು, ಮಲೆಯ ಅಕ್ಕಿ, ಮೆಣಸು, ಬಾಳೆ, ಹಲಸು ಕೂಡುವ ಸೀಮೆ ಅದು.

ಇಲ್ಲಿ ಒಂದು ಆಕ್ಷೇಪ ತಪ್ಪದೆ ಬರುತ್ತದೆ. ಕೊಡಗಿನ ಅಡುಗೆಯೆಂದರೆ ಪಂದಿಕರಿ, ತರಕಾರಿಯ ಕರಿದ ತಿಂಡಿಗೂ ಆ ನಾಡಿಗೂ ಏನು ಸಂಬಂಧ ಎಂದು. ಪ್ರವಾಸಿ ಫಲಕಗಳಿಂದ ಚರಿತ್ರೆ ಕಲಿತವರ ಮಾತಿದು. ಬೈಂಬಳೆ, ಕೆಂಬು, ಕುಮ್ಮು, ತೆರ್ಮೆ ಸೊಪ್ಪು, ಎಳೆ ಹಲಸು ಇವುಗಳಿಲ್ಲದ ಮಳೆಗಾಲ ಕೊಡಗಿನ ಮನೆಗಳಿಗೆ ಗೊತ್ತಿಲ್ಲ. ಕಕ್ಕಡ ಮಾಸದ 18ನೆಯ ದಿನ ಮದ್ದುಸೊಪ್ಪಿನ ನೇರಳೆ ಬಣ್ಣದ ರಸದಲ್ಲಿ ಅಕ್ಕಿಯನ್ನು ಬೇಯಿಸುವ ನಾಡು ಅದು. ಅದೇ ತಿಂಗಳುಗಳಲ್ಲಿ ಚಾತುರ್ಮಾಸ್ಯದ ಶ್ರಾವಕರು ಸೊಪ್ಪನ್ನು ಬಿಡುತ್ತಾರೆ. ಎಲೆಯ ಮೇಲಿನ ಸೂಕ್ಷ್ಮಜೀವಗಳಿಗೆ ಹಿಂಸೆಯಾಗಬಾರದೆಂದು. ಒಂದೇ ಮಳೆ, ಎರಡು ವಿಧಿ. ಮುಳ್ಳೂರಿನ ಬಸದಿಯ ಸುತ್ತ ಈ ಎರಡು ವಿಧಿಗಳೂ ಒಂದೇ ಹೆಂಚಿನ ಸಾಲಿನ ಕೆಳಗೆ ಹೇಗೆ ಬಾಳಿದವೆಂಬುದು ನಿಜವಾದ ಸಂಶೋಧನವಸ್ತು. ಅದನ್ನು ಬಿಟ್ಟು ಮಾಂಸವೋ ಸಸ್ಯವೋ ಎಂದು ಬಣ ಕಟ್ಟಿಕೊಳ್ಳುವುದು ಸುಲಭ.

ಮೂಲ ಪ್ರಶ್ನೆಗೆ ಮರಳಬೇಕು. ವಾರ್ಧಕ ಷಟ್ಪದಿಯ ಒಂದು, ಎರಡು, ನಾಲ್ಕು, ಐದನೆಯ ಪಾದಗಳಲ್ಲಿ ತಲಾ 20 ಮಾತ್ರೆ. ಮೂರು ಮತ್ತು ಆರನೆಯ ಪಾದಗಳಲ್ಲಿ ತಲಾ 32. ಒಟ್ಟು 144 ಮಾತ್ರೆ. ಈ ಅಳತೆಯೊಳಗೆ ವಸ್ತುವಿನ ಹೆಸರು, ಸೇರಿಸಬೇಕಾದ ಸಂಬಾರ, ಬೇಯಿಸುವ ಕ್ರಮ, ಕವಿಯ ಮೆಚ್ಚುಗೆ, ಆದಿಪ್ರಾಸ ಎಲ್ಲವೂ ಅಡಕವಾಗಬೇಕು. ಹಾಗಾಗಿ ಪಾಕದ ಪದ್ಯ ಏನನ್ನು ಬಿಡುತ್ತದೆ? ಕೇಳುವವನಿಗೆ ಮೊದಲೇ ಗೊತ್ತಿದ್ದುದನ್ನು. ಹಿಟ್ಟು ಎಷ್ಟು ತೆಳುವಿರಬೇಕು, ಎಣ್ಣೆ ಎಷ್ಟು ಕಾಯಬೇಕು, ಯಾವಾಗ ತೆಗೆಯಬೇಕು ಎಂಬುದನ್ನು ಅಡುಗೆಮನೆಯೇ ಹೇಳಿಕೊಡುತ್ತಿತ್ತು; ಪದ್ಯ ‘ಹದ’ ಎಂದು ಸೂಚಿಸಿ ಮುಂದೆ ಹೋದರೆ ಸಾಕಿತ್ತು. ಐದು ಶತಮಾನಗಳ ಅನಂತರದ ಓದುಗನಿಗೆ ಗೊತ್ತಿಲ್ಲದಿರುವುದು ಸರಿಯಾಗಿ ಅದೇ. ಟಿಪ್ಪಣಿಕಾರನ ಕೆಲಸ ಆ ಖಾಲಿ ಜಾಗವನ್ನು ತುಂಬುವುದು. ಆತ ಅಲ್ಲಿ ‘ಹದ: ಪಾಕ, ಪರಿಪಾಕ’ ಎಂದು ಬರೆದು ಕೈ ತೊಳೆದುಕೊಂಡರೆ, ಒಂದು ಕತ್ತಲೆಯ ಪಕ್ಕದಲ್ಲಿ ಇನ್ನೊಂದು ಕತ್ತಲೆಯನ್ನು ಇಟ್ಟಂತೆ.

ಹದವೆಂದರೆ ಏನೆಂಬುದನ್ನು ತಿಳಿಯಲು ಕಕ್ಕಡದ ಒಂದು ಮಧ್ಯಾಹ್ನ, ಕೊಡಗಿನ ಯಾವುದೇ ಮನೆಯಲ್ಲಿ ಬಾಳೆಕಾಯಿಯನ್ನು ಕರಿಯುವುದನ್ನು ನೋಡಿದರೆ ಸಾಕು. ಹೊರಗೆ ಎಡೆಬಿಡದ ಮಳೆ, ಒಳಗೆ ಉಪ್ಪು ನೀರೊಡೆಯುವಷ್ಟು ತೇವ. ಕರಿದ ತಿಂಡಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯಿಲ್ಲ. ಬಯಲಿನ ಬೇಸಗೆಯಲ್ಲಿ ಹೇಗೆ ಕರಿದರೂ ಗರಿಗರಿಯಾಗುವುದು ಇಲ್ಲಿ ತಪ್ಪು ಮಾಡಿದರೆ ಬಾಣಲೆಯಿಂದ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ಆದುದರಿಂದ ಇಲ್ಲಿಯ ಕೈಗಳು ಪ್ರತಿ ಹಂತವನ್ನೂ ಕಾರಣ ತಿಳಿದೇ ಮಾಡುತ್ತವೆ.

ಬಾಳೆಕಾಯಿಯನ್ನು ಉದ್ದಕ್ಕೆ ತೆಳುವಾಗಿ ಹೆಚ್ಚಿ, ಕಪ್ಪಾಗದಂತೆ ಮಜ್ಜಿಗೆ ಬೆರೆಸಿದ ನೀರಿಗೆ ಹಾಕುತ್ತಾರೆ. ಅನಂತರ ಬಟ್ಟೆಯ ಮೇಲೆ ಹರಡಿ ಒರೆಸಿಯೇ ಹಿಟ್ಟಿಗೆ ಇಳಿಸುತ್ತಾರೆ. ಹೋಳಿನ ಮೈಮೇಲೆ ನೀರಿದ್ದರೆ ಹಿಟ್ಟು ಅಂಟದೆ ಜಾರುತ್ತದೆ, ಎಣ್ಣೆಯಲ್ಲಿ ಹಿಟ್ಟೇ ಬೇರೆ, ಹೋಳೇ ಬೇರೆಯಾಗುತ್ತದೆ. ಹೀರೆಕಾಯಿಗೆ ಒಳಗಿನ ನೀರು ಹೆಚ್ಚು, ಹಾಗಾಗಿ ಇನ್ನೂ ತೆಳು ಹೋಳು. ಬದನೆಗೆ ಉಪ್ಪು ಸವರಿ ಸ್ವಲ್ಪ ಹೊತ್ತು ಬಿಟ್ಟು, ಅದು ಬಿಟ್ಟ ನೀರನ್ನು ಒರೆಸುವುದುಂಟು. ಈರುಳ್ಳಿ ತಿನ್ನುವ ಮನೆಗಳಲ್ಲಿ ಪಕೋಡಕ್ಕೆ ಒಂದು ಹನಿ ನೀರನ್ನೂ ಸೇರಿಸುವುದಿಲ್ಲ: ಎಸಳಾಗಿ ಹೆಚ್ಚಿದ ಈರುಳ್ಳಿಗೆ ಉಪ್ಪು ಹಾಕಿ ಹಿಸುಕಿದರೆ ಅದು ಬಿಡುವ ನೀರೇ ಹಿಟ್ಟನ್ನು ಹಿಡಿಯಲು ಸಾಕು. ಕಂದಮೂಲವನ್ನು ಬಿಟ್ಟ ಮನೆಗಳಲ್ಲಿ ಇದೇ ಕೆಲಸವನ್ನು ಎಲೆಕೋಸಿನ ಎಸಳು ಮಾಡುತ್ತದೆ. ರುಚಿ ಬೇರೆ, ತತ್ತ್ವ ಒಂದೇ.

ಹಿಟ್ಟಿನ ವಿಷಯ ಇನ್ನೂ ಸೂಕ್ಷ್ಮ. ಕಡಲೆಹಿಟ್ಟು ಕೊಡಗಿಗೆ ಅಂಗಡಿಯಿಂದ ಬಂದದ್ದು, ಅಕ್ಕಿ ಮನೆಯದು. ಕಡಂಬುಟ್ಟು, ಪಾಪುಟ್ಟು, ನೂಲ್‌ಪುಟ್ಟುಗಳ ನಾಡಿನಲ್ಲಿ ಅಕ್ಕಿಯ ತರಿಯ ದಪ್ಪವನ್ನು ಬೆರಳ ತುದಿಯಲ್ಲೇ ಅಳೆಯಬಲ್ಲವರು ಇದ್ದಾರೆ. ಕಡಲೆಹಿಟ್ಟೊಂದನ್ನೇ ಕಲಸಿದರೆ ಹೊದಿಕೆ ಮೃದುವಾಗಿ, ದಪ್ಪವಾಗಿ ಬರುತ್ತದೆ. ನಾಲ್ಕು ಪಾಲಿಗೆ ಒಂದು ಪಾಲು ಅಕ್ಕಿಹಿಟ್ಟು ಸೇರಿದಾಗ ಅದು ಗಟ್ಟಿಯಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಅಕ್ಕಿಯ ಪಾಲನ್ನು ಇನ್ನಷ್ಟು ಏರಿಸಿದರೂ ನಷ್ಟವಿಲ್ಲ. ಕಲಸಿದ ಹಿಟ್ಟು ಸೌಟಿನ ಬೆನ್ನಿಗೆ ತೆಳುವಾಗಿ ಅಂಟಿ, ಬೆರಳಲ್ಲಿ ಗೀರಿದರೆ ಗೆರೆ ಉಳಿಯಬೇಕು. ಒಂದು ಚಮಚ ಕಾದ ಎಣ್ಣೆಯನ್ನು ಹಿಟ್ಟಿಗೇ ಬೆರೆಸುತ್ತಾರೆ. ಎಣ್ಣೆ ಕಾದಿದೆಯೇ ಎಂದು ತಿಳಿಯಲು ಒಂದು ಹನಿ ಹಿಟ್ಟನ್ನು ಬಿಡುತ್ತಾರೆ. ಅದು ತಳದಲ್ಲೇ ಕುಳಿತರೆ ಇನ್ನೂ ಕಾಯಬೇಕು, ಬಿದ್ದೊಡನೆ ಕೆಂಪಾದರೆ ಉರಿ ತಗ್ಗಿಸಬೇಕು, ಮುಳುಗಿ ಕೂಡಲೇ ಗುಳ್ಳೆಗಳೊಡನೆ ಮೇಲೆದ್ದರೆ ಸರಿ. ಉಷ್ಣಮಾಪಕ ಹಿಡಿದವರು ಇದನ್ನು ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ಆಗ ಹಿಟ್ಟಿನೊಳಗಿನ ನೀರು ರಭಸದಿಂದ ಆವಿಯಾಗಿ ಹೊರಬರುತ್ತದೆ. ಆ ಆವಿ ಹೊರನುಗ್ಗುತ್ತಿರುವವರೆಗೆ ಎಣ್ಣೆ ಒಳಗೆ ಹೋಗಲಾರದು. ಗುಳ್ಳೆಗಳ ಸದ್ದು ಇಳಿದರೆ ಹೊದಿಕೆಯ ನೀರು ಮುಗಿದಿದೆ ಎಂದರ್ಥ. ಅನುಭವಸ್ಥರು ತೆಗೆಯುವ ಹೊತ್ತನ್ನು ಬಣ್ಣಕ್ಕಿಂತ ಮೊದಲು ಆ ಸದ್ದಿನಿಂದ ತಿಳಿಯುತ್ತಾರೆ.

ಆಮೇಲೆ ಮಳೆಯ ಲೆಕ್ಕ. ತೆಗೆದದ್ದನ್ನು ಪಾತ್ರೆಯಲ್ಲಿ ರಾಶಿ ಹಾಕಿ ಮುಚ್ಚಿದರೆ ಒಳಗಿನ ತರಕಾರಿಯ ಆವಿಯೇ ಹೊದಿಕೆಯನ್ನು ಮೆತ್ತಗೆ ಮಾಡುತ್ತದೆ. ಜರಡಿಯ ಮೇಲೋ ಮೊರದ ಮೇಲೋ ಬಿಡಿಬಿಡಿಯಾಗಿ ಹರಡಬೇಕು. ಹೆಚ್ಚು ಜನರಿಗೆ ಮಾಡುವಾಗ ಮೊದಲು ಮಾಸಲು ಬಣ್ಣದಲ್ಲೇ ತೆಗೆದಿಟ್ಟು, ಬಡಿಸುವ ಮುನ್ನ ಇನ್ನೊಮ್ಮೆ ಕಾದ ಎಣ್ಣೆಗೆ ಬಿಡುವುದೂ ಉಂಟು. ಕೆಂಬಿನ ಎಲೆಯಾದರೆ ದಾರಿಯೇ ಬೇರೆ: ಹಿಟ್ಟು ಸವರಿ, ಸುತ್ತಿ, ಆವಿಯಲ್ಲಿ ಬೇಯಿಸಿ, ಆರಿದ ಮೇಲೆ ಬಿಲ್ಲೆಗಳಾಗಿ ಕತ್ತರಿಸಿ ಕರಿಯುತ್ತಾರೆ. ಹಿಟ್ಟಿನಲ್ಲಿ ಹುಳಿ ಇರಲೇಬೇಕು, ಇಲ್ಲವಾದರೆ ಗಂಟಲು ತುರಿಸುತ್ತದೆ. ಎಲೆಯೊಳಗಿನ ಸೂಜಿಯಂಥ ಹರಳುಗಳು ಅದಕ್ಕೆ ಕಾರಣ. ಪತ್ರೊಡೆಯನ್ನು ‘ಎಲೆಯ ತಿಂಡಿ’ ಎಂದು ವಿವರಿಸುವವನು ಹುಳಿಯ ಮಾತನ್ನು ಬಿಟ್ಟರೆ, ಆತ ಅದನ್ನು ಒಮ್ಮೆಯೂ ಮಾಡಿ ನೋಡಿಲ್ಲವೆಂಬುದು ಖಚಿತ.

ಈಗ ಅರ್ಥಕೋಶಕ್ಕೆ ಬಂದರೆ, ಈ ಮಧ್ಯಾಹ್ನದಿಂದ ಏನು ಸಿಕ್ಕಿತು? ಮೊದಲು ‘ಬಜ್ಜಿ’ಯನ್ನೇ ತೆಗೆದುಕೊಳ್ಳಬಹುದು. ಮಡಿಕೇರಿಯ ಹೋಟೆಲಿನಲ್ಲಿ ಅದು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಮಲೆನಾಡಿನ ಹಲವು ಮನೆಗಳಲ್ಲಿ ಬದನೆಕಾಯಿ ಬಜ್ಜಿಯೆಂದರೆ ಕೆಂಡದಲ್ಲಿ ಸುಟ್ಟು ಕಿವುಚಿದ್ದು. ಮೈಸೂರಿನ ಮೊಸರುಬಜ್ಜಿಯಲ್ಲಿ ಕರಿಯುವ ಮಾತೇ ಇಲ್ಲ. ಒಂದೇ ರೂಪ, ಬೇರೆ ಬೇರೆ ಪದಾರ್ಥ. ಹಳೆಯ ಪಾಠದಲ್ಲಿ ಬದನೆಯ ಪಕ್ಕದಲ್ಲಿ ಈ ಬಗೆಯ ಪದ ಬಂದಾಗ ‘ಕರಿದ ತಿಂಡಿ’ ಎಂದು ಬರೆದುಬಿಡುವುದು ಅರ್ಥವಲ್ಲ, ಜೂಜು. ಪಕ್ಕದಲ್ಲಿ ಹಿಟ್ಟಿದೆಯೇ, ಎಣ್ಣೆಯಿದೆಯೇ, ಮೊಸರಿದೆಯೇ ಎಂದು ನೋಡಬೇಕು. ನೋಡಲು ಮೊದಲು ಆ ಭೇದ ಗೊತ್ತಿರಬೇಕು. (ಸಂಪಾಜೆ ಘಟ್ಟ ಇಳಿದು ಪುತ್ತೂರಿನ ಕಡೆ ಹೋಗಿ ‘ಬೊಂಡ’ ಕೇಳಿದವನ ಕೈಗೆ ಎಳನೀರು ಬರುತ್ತದೆ. ಅಲ್ಲಿ ಬಜ್ಜಿಯ ಹೆಸರು ‘ಪೋಡಿ’.)

ಎರಡನೆಯದು ‘ಪುರಿ’ ಧಾತು. ಹೊಸಗನ್ನಡದಲ್ಲಿ ಅದು ‘ಹುರಿ’ಯಾಗಿ, ಬಹುಮಟ್ಟಿಗೆ ಒಣ ಬಾಣಲೆಯಲ್ಲಿ ಕಾಳನ್ನೋ ರವೆಯನ್ನೋ ಬಿಸಿ ಮಾಡುವುದಕ್ಕೆ ನಿಂತಿದೆ, ಎಣ್ಣೆಯಲ್ಲಿ ಮುಳುಗಿಸುವುದಕ್ಕೆ ‘ಕರಿ’ ಎಂಬ ಬೇರೆ ಧಾತು ಬಳಕೆಯಾಗುತ್ತದೆ. ಆದರೆ ಅದೇ ಧಾತುವಿನ ಮಲೆಯಾಳ ರೂಪ ‘ಪೊರಿ’ ಎಣ್ಣೆಯನ್ನು ಬಿಟ್ಟುಕೊಟ್ಟಿಲ್ಲ. ವಿರಾಜಪೇಟೆ, ಗೋಣಿಕೊಪ್ಪಗಳ ಚಹಾದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಪಳಂಪೊರಿಯೂ ಬಾಳೆಕಾಯಿ ಬಜ್ಜಿಯೂ ಅಕ್ಕಪಕ್ಕ ಕುಳಿತಿರುವುದನ್ನು ಕಂಡವನಿಗೆ ಈ ಪಾಠ ಪುಕ್ಕಟೆಯಾಗಿ ಸಿಗುತ್ತದೆ. ಹಳೆಯ ಪದ್ಯದ ‘ಪುರಿ’ಯನ್ನು ಕಣ್ಣುಮುಚ್ಚಿ ಇಂದಿನ ‘ಹುರಿ’ಯೆಂದು ತಿಳಿದ ಟಿಪ್ಪಣಿಕಾರ, ತುಪ್ಪದಲ್ಲಿ ತೇಲಬೇಕಾದ ಹಿಟ್ಟನ್ನು ಒಣ ಹಂಚಿನ ಮೇಲೆ ಸೀಯಿಸಿಬಿಡಬಹುದು. ‘ಎಣ್ಣೆ’ಯ ಒಳಗೂ ಎಳ್ಳು ಅಡಗಿದೆ, ಎಳ್ಳಿನ ನೆಯ್ಯೇ ಎಣ್ಣೆಯಾದದ್ದು. ಆ ಗಾಣದ ಎಣ್ಣೆಯ ವರ್ತನೆಯನ್ನು ಇಂದಿನ ಶುದ್ಧೀಕರಿಸಿದ ಸೂರ್ಯಕಾಂತಿ ಎಣ್ಣೆಯಿಂದ ಊಹಿಸಲಾಗದು.

ಮೂರನೆಯದು ‘ಮೆಣಸು’. ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ ಅಮೆರಿಕ ಖಂಡದ ಮೆಣಸಿನಕಾಯಿ ಈ ನಾಡಿಗೆ ದಾರಿ ಕಂಡುಕೊಂಡಿತು. ಮಂಗರಸನ ತಲೆಮಾರಿನ ಪಾಕದಲ್ಲಿ ಖಾರ ಬರಬೇಕಾದದ್ದು ಕಾಳುಮೆಣಸು, ಹಿಪ್ಪಲಿ, ಶುಂಠಿಗಳಿಂದ. ಇಂದು ಕರಾವಳಿಯಲ್ಲಿ ಮೆಣಸೆಂದರೆ ಮೆಣಸಿನಕಾಯಿಯೇ ಆಗಿದ್ದು, ಮೂಲ ಮೆಣಸು ‘ಒಳ್ಳೆಮೆಣಸು’ ಎಂಬ ವಿಶೇಷಣ ಹೊತ್ತು ಬದುಕುತ್ತಿದೆ. ಆಲೂಗಡ್ಡೆ ಇನ್ನೂ ತಡವಾಗಿ ಬಂದದ್ದು. ‘ನಮ್ಮ ಪೂರ್ವಿಕರ ಆಲೂ ಬೋಂಡ’ ಎಂದು ಹಬ್ಬದ ಪುರವಣಿಗಳಲ್ಲಿ ಬರೆಯುವವರ ಪೂರ್ವಿಕರು ಅಷ್ಟೇನೂ ಹಿಂದಿನವರಲ್ಲ.

ಒಪ್ಪಬಹುದಾದ ಆಕ್ಷೇಪವೊಂದು ಉಳಿದಿದೆ. ಇಂದಿನ ಅಡುಗೆಮನೆ ಅಂದಿನ ಪಠ್ಯಕ್ಕೆ ಸಾಕ್ಷಿಯಾಗುವುದು ಹೇಗೆ? ಪದಾರ್ಥ ಬದಲಾಗಿದೆ, ಎಣ್ಣೆ ಬದಲಾಗಿದೆ, ಒಲೆ ಬದಲಾಗಿದೆ. ಕೊಡಗಿನ ಕೈಯನ್ನು ನೋಡಿ ಕಲ್ಲಹಳ್ಳಿಯ ಪದ್ಯವನ್ನು ಅರ್ಥೈಸುವುದು ಕಾಲವಿಪರ್ಯಾಸವಲ್ಲವೇ? ಇದಕ್ಕೆ ಉತ್ತರ ಸರಳ. ಅಕ್ಕಿಹಿಟ್ಟು, ನೀರು, ಕಾದ ಎಣ್ಣೆ ಇವುಗಳ ಸ್ವಭಾವ 500 ವರ್ಷಗಳಲ್ಲಿ ಬದಲಾಗಿಲ್ಲ. ಒಂದು ಓದನ್ನು ಒಲೆಯ ಮೇಲೆ ಮಾಡಿ ನೋಡಿದಾಗ ಅದು ಸರಿಯೆಂದು ಸಿದ್ಧವಾಗದಿರಬಹುದು. ಆದರೆ ಮಾಡಲಾಗದ ಓದು ತಪ್ಪೆಂದು ಖಂಡಿತವಾಗಿ ಗೊತ್ತಾಗುತ್ತದೆ. ಪಾಠಾಂತರಗಳ ನಡುವೆ ಆಯ್ಕೆ ಮಾಡುವಾಗ ಛಂದಸ್ಸು ಮಾಡುವ ಕೆಲಸವೂ ಇಷ್ಟೇ. ಯಾವ ಪಾಠ ನಿಲ್ಲದೆಂದು ಅದು ಹೇಳುತ್ತದೆ, ಕವಿ ಬರೆದದ್ದು ಇದೇ ಎಂದು ಆಣೆಯಿಡುವುದಿಲ್ಲ. ಛಂದಸ್ಸಿಗೆ ಸಲ್ಲುವ ಈ ಮನ್ನಣೆಯನ್ನು ಬಾಣಲೆಗೆ ಕೊಡಲು ಅಡ್ಡಿ ಬರುತ್ತಿರುವುದು ವಿಧಾನದ ಚಿಂತೆಯಲ್ಲ. ಒಂದು ಗಂಡಸರ ಕೋಣೆಯದು, ಇನ್ನೊಂದು ಹೆಂಗಸರ ಕೋಣೆಯದು ಎಂಬ ಹಳೆಯ ಅಳತೆ.

ಈ ಮಾರ್ಗ ಹೊಸದೂ ಅಲ್ಲ. ಕೊಡವ ಮನೆತನದ ಕೆ.ಟಿ. ಅಚ್ಚಯ್ಯ ವೃತ್ತಿಯಿಂದ ಎಣ್ಣೆಯ ರಸಾಯನಶಾಸ್ತ್ರಜ್ಞರು. ಭಾರತೀಯ ಆಹಾರದ ಚರಿತ್ರೆಯನ್ನು ಕುರಿತು ಅವರು 1994ರಲ್ಲಿ ಪ್ರಕಟಿಸಿದ ಗ್ರಂಥ ಕನ್ನಡ ಕೃತಿಗಳ ಸಾಕ್ಷ್ಯವನ್ನು ಧಾರಾಳವಾಗಿ ಬಳಸುತ್ತದೆ. ‘ವಡ್ಡಾರಾಧನೆ’ಯ ‘ಇಡ್ಡಲಿಗೆ’ಯನ್ನು ಕಂಡ ಕೂಡಲೇ ಇಡ್ಲಿ ಸಿಕ್ಕಿತೆಂದು ಸಂಭ್ರಮಿಸುವವರ ನಡುವೆ, ಅಕ್ಕಿ ಎಲ್ಲಿದೆ, ಹುದುಗು ಎಲ್ಲಿದೆ, ಆವಿ ಎಲ್ಲಿದೆ ಎಂದು ಕೇಳಿದವರು ಅವರು. 11ನೆಯ ಶತಮಾನದ ‘ಲೋಕೋಪಕಾರ’ದಲ್ಲಿಯೂ ಆ ತಿಂಡಿ ಉದ್ದಿನದೇ. ಹೆಸರಿನ ಸಾಮ್ಯದಿಂದ ತೃಪ್ತರಾಗದೆ ಮಾಡುವ ಕ್ರಮವನ್ನು ಕೇಳಿದ್ದರಿಂದ ಆ ಪ್ರಶ್ನೆ ಹುಟ್ಟಿತು. ಅವರನ್ನು ಉಲ್ಲೇಖಿಸುವ ಕನ್ನಡ ಪ್ರಬಂಧಗಳು ಹೇರಳ. ಅವರಂತೆ ಪ್ರಶ್ನೆ ಕೇಳುವವು ವಿರಳ.

ಇದೆಲ್ಲಕ್ಕೂ ಸಮಯದ ಮಿತಿಯಿದೆ. ನಡಿಕೇರಿಯಂಡ ಚಿಣ್ಣಪ್ಪನವರು ಮನೆಮನೆ ಅಲೆದು ಕೊಡವರ ಹಾಡುಗಳನ್ನೂ ಪದ್ಧತಿಗಳನ್ನೂ ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದ್ದರಿಂದ ಅವು ಉಳಿದವು. ಕೈಯ ಅಳತೆಗಳಿಗೆ ಅಂಥ ಸಂಗ್ರಾಹಕ ಸಿಕ್ಕಿಲ್ಲ. ಸಿದ್ಧ ಮಿಶ್ರಣದ ಪೊಟ್ಟಣ ಹಿಟ್ಟಿನ ಹದವನ್ನು ಕಾರ್ಖಾನೆಯಲ್ಲೇ ತೀರ್ಮಾನಿಸಿ ಕಳಿಸುತ್ತದೆ. ಅಡುಗೆ ಸೋಡದ ಒಂದು ಚಿಟಿಕೆ ಹಿಟ್ಟನ್ನು ಉಬ್ಬಿಸಿ ತಪ್ಪುಗಳನ್ನು ಮುಚ್ಚುತ್ತದೆ. ಎರಡು ಚಿಟಿಕೆಯಾದರೆ ಬಜ್ಜಿ ಎಣ್ಣೆ ಕುಡಿದು, ಬೇಗ ಕೆಂಪಾಗಿ, ನಾಲಗೆಗೆ ಸಾಬೂನಿನ ರುಚಿ ತಟ್ಟುತ್ತದೆ. ಪ್ರವಾಸಿಗೃಹಗಳ ಅಡುಗೆಯಲ್ಲಿ ‘ಕೊಡಗಿನ ವಿಶೇಷ’ವೆಂಬ ಹೆಸರಿನಡಿ ಬಡಿಸುವ ಪಕೋಡಕ್ಕೂ ಹೆದ್ದಾರಿಯ ಯಾವುದೇ ಊರಿನ ಪಕೋಡಕ್ಕೂ ವ್ಯತ್ಯಾಸ ಉಳಿದಿಲ್ಲ. ಗುಳ್ಳೆಯ ಸದ್ದಿನಿಂದ ಹದ ತಿಳಿಯುವ ತಲೆಮಾರು ಮುದಿಯಾಗಿದೆ. ಸಂಶೋಧಕ ಅವರ ಬಳಿಗೆ ಹೋಗದಿದ್ದರೆ, ಮುಂದೆ ಹೋಗಲು ಅಲ್ಲಿ ಯಾರೂ ಇರುವುದಿಲ್ಲ. ಆಗ ‘ಒಂದು ಬಗೆಯ ತಿಂಡಿ’ ಎಂಬುದೇ ಕೊನೆಯ, ಪ್ರಾಮಾಣಿಕ ಅರ್ಥವಾಗಿಬಿಡುತ್ತದೆ.

‘ಸೂಪಶಾಸ್ತ್ರ’ದ ಮುಂದಿನ ಆವೃತ್ತಿಯನ್ನು ಸಿದ್ಧಪಡಿಸುವವರು ಕಷ್ಟಪಡಬೇಕಾದದ್ದು ಹೆಚ್ಚೇನಿಲ್ಲ. ಪ್ರತಿ ಪಾಕಕ್ಕೆ ಮೂರು ಒಲೆಗಳ ಹೇಳಿಕೆ ಸಾಕು: ಪಿರಿಯಾಪಟ್ಟಣದ ಬಯಲಿನದೊಂದು, ಕೊಡಗಿನದೊಂದು, ಒಂದು ಶ್ರಾವಕರ ಮನೆಯದು. ಅರ್ಥಕೋಶದ ನಮೂದು ಹೀಗಿರಲಿ: ‘ಬಜ್ಜಿ: (1) ತರಕಾರಿಯ ತೆಳು ಹೋಳನ್ನು ಕಡಲೆ, ಅಕ್ಕಿ ಹಿಟ್ಟುಗಳ ತೆಳು ಕಲಸಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು, ಹೊದಿಕೆ ಗರಿಗರಿ, ಒಳಗು ಮೃದು, ಬಿಸಿಯಾಗಿಯೇ ತಿನ್ನುವಂಥದು, ಕರಾವಳಿಯಲ್ಲಿ ಪೋಡಿ. (2) ಸುಟ್ಟ ಅಥವಾ ಬೆಂದ ತರಕಾರಿಯನ್ನು ಕಿವುಚಿ ಮೊಸರನ್ನೋ ಹುಳಿಯನ್ನೋ ಸೇರಿಸಿದ್ದು, ಮಲೆನಾಡು, ಮೈಸೂರು. ಪಕ್ಕದಲ್ಲಿ ಹಿಟ್ಟು, ಎಣ್ಣೆಗಳ ಉಲ್ಲೇಖವಿಲ್ಲದಿದ್ದರೆ ಎರಡನೆಯ ಅರ್ಥವನ್ನು ಮೊದಲು ಪರಿಶೀಲಿಸುವುದು.’ ಐದಾರು ಸಾಲು. ಮುದ್ರಣದಲ್ಲಿ ಒಂದು ಪಾಠಾಂತರ ಚರ್ಚೆಯ ಅರ್ಧದಷ್ಟು ಜಾಗವೂ ಹಿಡಿಯದು.